ಹಳೆಯ ಡಾಂಬರಿನ ಮರುಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆಯ ಮೇಲ್ಪದರವನ್ನು ಮಿಲ್ಲಿಂಗ್ ಯಂತ್ರ ಕೆರೆದು ಹೋದ ಮೇಲೆ ಲಾರಿಗಳಲ್ಲಿ ತುಂಬಿಕೊಂಡು ಹೋಗುವ ಆ ಕಪ್ಪು ಮಾಲು ಎಲ್ಲಿ ಸೇರುತ್ತದೆ, ಅದರಿಂದ ಮತ್ತೆ ರಸ್ತೆ ಮಾಡಬಹುದೇ, ಮಾಡಿದರೆ ಬಾಳಿಕೆ ಬರುತ್ತದೆಯೇ ಎಂಬ ಪ್ರಶ್ನೆಗಳನ್ನು ವಾರ್ಡ್ ಸಮಿತಿಯವರು, ಸಣ್ಣ ಗುತ್ತಿಗೆದಾರರು, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಾರೆ. ಅವುಗಳಲ್ಲಿ ಮುಖ್ಯವಾದವುಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆರೆದು ತೆಗೆದ ಈ ಮಾಲನ್ನು ರಸ್ತೆ ಕೆಲಸದವರು ‘ರ‍್ಯಾಪ್’ ಎನ್ನುತ್ತಾರೆ. ಇಲ್ಲಿಯೂ ಅದೇ ಹೆಸರನ್ನು ಬಳಸಲಾಗಿದೆ.

ಡಾಂಬರು ‘ಹಳೆಯದಾಯಿತು’ ಎಂದರೆ ಅದರೊಳಗೆ ಆಗುವುದೇನು?

ಡಾಂಬರು, ಅಂದರೆ ಬಿಟುಮೆನ್, ಒಂದೇ ರಾಸಾಯನಿಕ ವಸ್ತುವಲ್ಲ. ಅದರಲ್ಲಿ ಸ್ಯಾಚುರೇಟ್, ಅರೋಮ್ಯಾಟಿಕ್, ರೆಸಿನ್ ಮತ್ತು ಆಸ್ಫಾಲ್ಟೀನ್ ಎಂಬ ನಾಲ್ಕು ಗುಂಪಿನ ಘಟಕಗಳಿವೆ. ಮೊದಲ ಮೂರು ಗುಂಪುಗಳು ಎಣ್ಣೆಯಂತೆಯೂ ಅಂಟಿನಂತೆಯೂ ವರ್ತಿಸಿ ಡಾಂಬರಿಗೆ ಬಾಗುವ ಗುಣವನ್ನು ಕೊಡುತ್ತವೆ. ಆಸ್ಫಾಲ್ಟೀನ್ ಗಡಸುತನವನ್ನು ಕೊಡುತ್ತದೆ. ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿದಾಗ ಅರೋಮ್ಯಾಟಿಕ್‌ಗಳು ಕ್ರಮೇಣ ರೆಸಿನ್‌ಗಳಾಗುತ್ತವೆ, ರೆಸಿನ್‌ಗಳು ಆಸ್ಫಾಲ್ಟೀನ್‌ಗಳಾಗುತ್ತವೆ. ಹಗುರವಾದ ಒಂದಷ್ಟು ಅಂಶ ಆವಿಯಾಗಿಯೂ ಹೋಗುತ್ತದೆ. ಹೀಗೆ ಎಣ್ಣೆಯಂಶ ಕುಗ್ಗಿ ಗಡಸು ಅಂಶ ಹೆಚ್ಚಿದಾಗ ಡಾಂಬರು ಪೆಡಸಾಗುತ್ತದೆ, ಚಕ್ರದ ಒತ್ತಡಕ್ಕೆ ಬಾಗುವ ಬದಲು ಬಿರುಕು ಬಿಡುತ್ತದೆ.

ಈ ಮುಪ್ಪು ಎರಡು ಹಂತಗಳಲ್ಲಿ ಬರುತ್ತದೆ. ಹಾಟ್ ಮಿಕ್ಸ್ ಪ್ಲಾಂಟ್‌ನಲ್ಲಿ ಸುಮಾರು 150ರಿಂದ 165 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಜಲ್ಲಿಯ ಮೇಲೆ ತೆಳುವಾದ ಪೊರೆಯಾಗಿ ಹರಡಿಕೊಳ್ಳುವ ಕೆಲವೇ ನಿಮಿಷಗಳಲ್ಲಿ ಡಾಂಬರು ಗಣನೀಯವಾಗಿ ಗಟ್ಟಿಯಾಗುತ್ತದೆ. ಆಮೇಲಿನ ಮುಪ್ಪು ನಿಧಾನ: ವರ್ಷಗಟ್ಟಲೆ ಬಿಸಿಲು, ಗಾಳಿ, ಮಳೆಗೆ ಒಡ್ಡಿಕೊಂಡು ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಸರಿಯಾಗಿ ರೋಲರ್ ಹೊಡೆಯದೆ ಒಳಗೆ ಗಾಳಿಯ ರಂಧ್ರಗಳು ಹೆಚ್ಚು ಉಳಿದ ರಸ್ತೆಗಳು ಬೇಗ ಮುಪ್ಪಾಗುವುದಕ್ಕೆ ಇದೇ ಕಾರಣ. ಪ್ರಯೋಗಾಲಯದಲ್ಲಿ ಮೊದಲ ಹಂತವನ್ನು 163 ಡಿಗ್ರಿಯಲ್ಲಿ ತಿರುಗುವ ಗಾಜಿನ ಬಾಟಲಿಗಳಲ್ಲಿಯೂ, ಎರಡನೆಯದನ್ನು 2.1 ಮೆಗಾಪಾಸ್ಕಲ್ ಗಾಳಿಯ ಒತ್ತಡದ ಪಾತ್ರೆಯಲ್ಲಿ 20 ಗಂಟೆ ಇಟ್ಟೂ ಅನುಕರಿಸುತ್ತಾರೆ.

ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮುಪ್ಪಾಗುವುದು ಡಾಂಬರು ಮಾತ್ರ. ರಸ್ತೆಯ ತೂಕದಲ್ಲಿ ಶೇ 95ರಷ್ಟಿರುವ ಜಲ್ಲಿಗೆ ಹೆಚ್ಚೇನೂ ಆಗಿರುವುದಿಲ್ಲ.

ಗಟ್ಟಿಯಾದ ಡಾಂಬರನ್ನು ಮತ್ತೆ ಮೊದಲಿನಂತೆ ಮಾಡಲು ಸಾಧ್ಯವೇ?

ಆಮ್ಲಜನಕದೊಂದಿಗೆ ಆದ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಆದರೆ ಕಳೆದುಹೋದ ಎಣ್ಣೆಯಂಶವನ್ನು ಹೊರಗಿನಿಂದ ತುಂಬಿ ಘಟಕಗಳ ಸಮತೋಲವನ್ನು ಮರಳಿ ತರಬಹುದು. ಇದಕ್ಕೆ ಎರಡು ದಾರಿಗಳಿವೆ. ಒಂದು, ಹೊಸದಾಗಿ ಸೇರಿಸುವ ಡಾಂಬರನ್ನೇ ಮೃದುವಾದ ದರ್ಜೆಯದ್ದಾಗಿ ಆರಿಸುವುದು. ವಿಜಿ-30 ಬಳಸಬೇಕಾದ ಕಡೆ ವಿಜಿ-20 ಅಥವಾ ವಿಜಿ-10 ಬಳಸುವುದು. ವಿಜಿ ಎಂದರೆ ಸ್ನಿಗ್ಧತೆಯ, ಅಂದರೆ ಹರಿಯಲು ಒಡ್ಡುವ ತಡೆಯ ದರ್ಜೆ; ಅಂಕಿ ಕಡಿಮೆಯಾದಷ್ಟೂ ಡಾಂಬರು ಮೃದು. ಭಾರತೀಯ ಮಾನಕ ಐಎಸ್ 73ರ ಪ್ರಕಾರ 60 ಡಿಗ್ರಿಯಲ್ಲಿ ವಿಜಿ-10ರ ಸ್ನಿಗ್ಧತೆ 800ರಿಂದ 1200 ಪಾಯ್ಸ್, ವಿಜಿ-30ರದ್ದು 2400ರಿಂದ 3600 ಪಾಯ್ಸ್. ಹಳೆಯದರ ಗಡಸುತನವೂ ಹೊಸದರ ಮೃದುತನವೂ ಸೇರಿ ನಡುವಿನ ಒಂದು ಹದಕ್ಕೆ ಬರುತ್ತವೆ.

ಎರಡನೆಯದು ರಿಜುವಿನೇಟರ್ ಎಂಬ ಪುನಶ್ಚೇತನಕಾರಕ. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಸಿಗುವ ಅರೋಮ್ಯಾಟಿಕ್ ಸಾರಗಳು, ಕಾಗದ ಉದ್ಯಮದ ಉಪೋತ್ಪನ್ನವಾದ ಟಾಲ್ ಎಣ್ಣೆ, ಸಸ್ಯಜನ್ಯ ಎಣ್ಣೆಗಳು ಈ ಗುಂಪಿಗೆ ಸೇರುತ್ತವೆ. ನಮ್ಮ ಹೊಂಗೆ ಎಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆಗಳ ಮೇಲೆಯೂ ಸಂಶೋಧನೆ ನಡೆದಿದೆ. ಕರಾವಳಿಯ ಗೇರು ಕಾರ್ಖಾನೆಗಳ ಉಪೋತ್ಪನ್ನವೊಂದು ರಸ್ತೆಗೆ ಒದಗುವ ಸಾಧ್ಯತೆಯನ್ನು ನಾವು ಇನ್ನೂ ಗಂಭೀರವಾಗಿ ಪರಿಗಣಿಸಬೇಕೆಂಬುದು ನನ್ನ ಅಭಿಪ್ರಾಯ. ಯಾವ ಎಣ್ಣೆಯೇ ಆಗಲಿ, ಪ್ರಮಾಣ ಮೀರಿದರೆ ಬೇಸಿಗೆಯಲ್ಲಿ ರಸ್ತೆ ಮೆತ್ತಗಾಗಿ ಚಕ್ರದ ಹಾದಿಯಲ್ಲಿ ತಗ್ಗು ಬೀಳುತ್ತದೆ.

ಗ್ಯಾರೇಜ್‌ಗಳಲ್ಲಿ ಉಳಿಯುವ ಹಳೆಯ ಎಂಜಿನ್ ಆಯಿಲ್ ಬಳಸಬಹುದೇ?

ಬಳಸದಿರುವುದೇ ಲೇಸು. ಅದು ಡಾಂಬರನ್ನು ಆ ಕ್ಷಣಕ್ಕೆ ಮೃದುಗೊಳಿಸುತ್ತದೆ, ಪರೀಕ್ಷೆಯ ಅಂಕಿಗಳೂ ಚೆನ್ನಾಗಿ ಬರುತ್ತವೆ. ಆದರೆ ಅದರ ಗುಣಮಟ್ಟ ಡ್ರಮ್ಮಿನಿಂದ ಡ್ರಮ್ಮಿಗೆ ಬದಲಾಗುತ್ತದೆ, ಲೋಹದ ಅಂಶಗಳಿರುತ್ತವೆ, ಮತ್ತು ಅದು ಸೇರಿದ ಡಾಂಬರು ಮುಂದೆ ಬೇಗ ಪೆಡಸಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಒಂದು ಕಿಲೋಮೀಟರ್ ರಸ್ತೆಯಲ್ಲಿ ಉಳಿತಾಯ ಎಷ್ಟು?

ಲೆಕ್ಕವನ್ನು ಯಾರಾದರೂ ಹಾಕಿ ನೋಡಬಹುದು. ಏಳು ಮೀಟರ್ ಅಗಲದ ರಸ್ತೆಗೆ 40 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್ (ಡಾಂಬರು-ಜಲ್ಲಿಯ ಬಿಸಿ ಮಿಶ್ರಣದ ಮೇಲ್ಪದರ) ಹಾಕಿದರೆ ಒಂದು ಕಿಲೋಮೀಟರಿಗೆ 280 ಘನ ಮೀಟರ್ ಮಿಶ್ರಣ ಬೇಕು. ಘನ ಮೀಟರಿಗೆ 2.35 ಟನ್ ಎಂದು ಹಿಡಿದರೆ ಅದು ಸುಮಾರು 660 ಟನ್. ಡಾಂಬರಿನ ಪ್ರಮಾಣ ಶೇ 5.4 ಎಂದಾದರೆ ಡಾಂಬರು ಸುಮಾರು 35 ಟನ್. ಈ ಮಿಶ್ರಣದಲ್ಲಿ ಶೇ 30ರಷ್ಟು ರ‍್ಯಾಪ್ ಸೇರಿಸಿದರೆ ಸುಮಾರು 200 ಟನ್ ಹಳೆಯ ಮಾಲು ಬಳಕೆಯಾಗುತ್ತದೆ. ಅದರಲ್ಲಿ ಶೇ 5ರಷ್ಟು ಹಳೆಯ ಡಾಂಬರಿದ್ದರೆ 10 ಟನ್ ಡಾಂಬರು ಮತ್ತು 190 ಟನ್ ಜಲ್ಲಿ ನಮಗೆ ಮರಳಿ ಸಿಕ್ಕಂತಾಯಿತು.

ಆ 190 ಟನ್ ಜಲ್ಲಿ ಚಿಕ್ಕಬಳ್ಳಾಪುರದಲ್ಲೋ ರಾಮನಗರದಲ್ಲೋ ಯಾವುದೋ ಬೆಟ್ಟದಿಂದ ಬರುವುದು ತಪ್ಪುತ್ತದೆ. ಡಾಂಬರಿನ ಮಾತೂ ಅಷ್ಟೇ ಮುಖ್ಯ. ಮಂಗಳೂರಿನ ಎಂಆರ್‌ಪಿಎಲ್‌ನಂತಹ ದೇಶೀಯ ಸಂಸ್ಕರಣಾಗಾರಗಳು ಬಿಟುಮೆನ್ ತಯಾರಿಸಿದರೂ ದೇಶದ ಬೇಡಿಕೆಗೆ ಅದು ಸಾಲದೆ ದೊಡ್ಡ ಪಾಲು ಆಮದಾಗುತ್ತಿದೆ. ಕಾರವಾರ ಬಂದರಿಗೆ ಬರುವ ಸರಕಿನಲ್ಲಿ ಬಿಟುಮೆನ್ ಕೂಡ ಒಂದು. ಕಚ್ಚಾ ತೈಲದ ಬೆಲೆ ಏರಿದಾಗಲೆಲ್ಲ ರಸ್ತೆ ಕಾಮಗಾರಿಗಳು ಅರ್ಧಕ್ಕೆ ನಿಲ್ಲುವುದನ್ನು ಕಂಡವರಿಗೆ ಈ 10 ಟನ್ನಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಕೆರೆಯುವ, ಸಾಗಿಸುವ, ಪುಡಿಮಾಡಿ ಜರಡಿ ಹಿಡಿಯುವ ಮತ್ತು ಪರೀಕ್ಷಿಸುವ ಖರ್ಚನ್ನು ಇದರಿಂದ ಕಳೆಯಬೇಕು ಎಂಬುದೂ ನಿಜ. ಪ್ಲಾಂಟ್ ದೂರವಿದ್ದಷ್ಟೂ ಉಳಿತಾಯ ಕರಗುತ್ತದೆ.

ಗರಿಷ್ಠ ಎಷ್ಟು ಪ್ರಮಾಣದ ರ‍್ಯಾಪ್ ಸೇರಿಸಬಹುದು?

ಭಾರತೀಯ ರಸ್ತೆ ಕಾಂಗ್ರೆಸ್ 2015ರಲ್ಲಿ ಐಆರ್‌ಸಿ:120 ಎಂಬ ಮಾರ್ಗಸೂಚಿಯನ್ನು ಡಾಂಬರು ರಸ್ತೆಗಳ ಮರುಬಳಕೆಗೆಂದೇ ಹೊರತಂದಿತು. ಕೇಂದ್ರ ಹೆದ್ದಾರಿ ಸಚಿವಾಲಯದ 2013ರ ಐದನೇ ಪರಿಷ್ಕರಣೆಯ ವಿಶೇಷಣಗಳಲ್ಲಿಯೂ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ ಬಿಸಿ ಮಿಶ್ರಣಕ್ಕೆ ಸಾಮಾನ್ಯವಾಗಿ ಶೇ 30ರವರೆಗಿನ ಪ್ರಮಾಣವನ್ನು ಕಾರ್ಯಸಾಧ್ಯವೆಂದು ಪರಿಗಣಿಸುತ್ತಾರೆ. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶ್ಟೋದ ಎಂ 323 ಮಾನಕದಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಲಾಗಿತ್ತು: ಶೇ 15ಕ್ಕಿಂತ ಕಡಿಮೆಯಾದರೆ ಹೊಸ ಡಾಂಬರಿನ ದರ್ಜೆ ಬದಲಿಸಬೇಕಿಲ್ಲ, 15ರಿಂದ 25ರವರೆಗೆ ಒಂದು ದರ್ಜೆ ಮೃದುವಾದದ್ದನ್ನು ಬಳಸಬೇಕು, 25 ದಾಟಿದರೆ ಹಳೆಯ ಡಾಂಬರನ್ನು ಬೇರ್ಪಡಿಸಿ ಪರೀಕ್ಷಿಸಿ, ಮಿಶ್ರಣ ನಕ್ಷೆಯ ಮೂಲಕ ಹೊಸದರ ದರ್ಜೆಯನ್ನು ನಿರ್ಧರಿಸಬೇಕು.

ಈ ಶೇಕಡಾವಾರು ಮಿತಿಗಳಿಗಿಂತಲೂ, ಮಿಶ್ರಣದಲ್ಲಿರುವ ಒಟ್ಟು ಡಾಂಬರಿನಲ್ಲಿ ಹಳೆಯದರ ಪಾಲು ಎಷ್ಟು ಎಂದು ನೋಡುವುದು ಹೆಚ್ಚು ಸರಿಯಾದ ಕ್ರಮ. ಒಂದು ರಾಶಿಯ ರ‍್ಯಾಪ್‌ನಲ್ಲಿ ಶೇ 3 ಡಾಂಬರಿದ್ದು, ಇನ್ನೊಂದರಲ್ಲಿ ಶೇ 6 ಇದ್ದರೆ ಎರಡನ್ನೂ ‘ಶೇ 30’ ಎಂದು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪಾಗುತ್ತದೆ.

ಹಳೆಯ ಡಾಂಬರು ಹೊಸದರೊಂದಿಗೆ ನಿಜವಾಗಿ ಬೆರೆಯುತ್ತದೆಯೇ?

ಸಂಪೂರ್ಣವಾಗಿ ಬೆರೆಯುವುದಿಲ್ಲ, ಬೆರೆಯದೆಯೂ ಉಳಿಯುವುದಿಲ್ಲ. ಹಳೆಯ ಡಾಂಬರು ಜಲ್ಲಿಯ ಮೇಲಿನ ಜಡ ಲೇಪವಷ್ಟೇ ಎಂದು ಭಾವಿಸಿದರೆ ರ‍್ಯಾಪ್ ಬರೀ ಕಪ್ಪು ಕಲ್ಲಾಗುತ್ತದೆ. ಪೂರ್ತಿ ಕರಗಿ ಬೆರೆಯುತ್ತದೆ ಎಂದು ಭಾವಿಸಿದರೆ ಅದರಲ್ಲಿರುವ ಪ್ರತಿ ಕಿಲೋ ಡಾಂಬರಿಗೂ ಹೊಸ ಡಾಂಬರನ್ನು ಕಡಿತ ಮಾಡಬಹುದು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವೊಂದು ಈ ಎರಡೂ ತುದಿಗಳನ್ನು ಹೋಲಿಸಿ, ವಾಸ್ತವದಲ್ಲಿ ಗಮನಾರ್ಹ ಪ್ರಮಾಣದ ಬೆರಕೆ ನಡೆಯುತ್ತದೆ ಎಂದು ತೋರಿಸಿತು. ಎಷ್ಟು ಎಂಬುದು ಬಿಸಿ, ಕಲಸುವ ಅವಧಿ ಮತ್ತು ಹಳೆಯ ಡಾಂಬರಿನ ಗಡಸುತನದ ಮೇಲೆ ನಿಂತಿದೆ. ಗುತ್ತಿಗೆದಾರರು ನೂರಕ್ಕೆ ನೂರು ಬೆರಕೆಯಾಗುತ್ತದೆಂದು ಲೆಕ್ಕ ಹಿಡಿದು ಹೊಸ ಡಾಂಬರನ್ನು ಕಡಿತ ಮಾಡಿದಾಗ ರಸ್ತೆ ಒಣಕಲಾಗಿ, ಒಂದೆರಡು ಮಳೆಗಾಲದಲ್ಲೇ ಜಲ್ಲಿ ಎದ್ದುಬರುತ್ತದೆ. ಮರುಬಳಕೆಗೆ ಕೆಟ್ಟ ಹೆಸರು ತಂದದ್ದು ಬಹುಪಾಲು ಇಂತಹ ಕೆಲಸಗಳೇ.

ಕೆರೆದ ಮಾಲನ್ನು ಹೇಗೆ ಸಂಗ್ರಹಿಸಬೇಕು?

ಇಡೀ ವಿಷಯದಲ್ಲಿ ಅತಿ ಹೆಚ್ಚು ಉಪೇಕ್ಷೆಗೆ ಒಳಗಾದ ಪ್ರಶ್ನೆ ಇದು. ಅತಿ ಮುಖ್ಯವಾದ ಪ್ರಶ್ನೆಯೂ ಇದೇ. ಮರುಬಳಕೆಯ ರಸ್ತೆ ಚೆನ್ನಾಗಿ ಬರುತ್ತದೆಯೋ ಇಲ್ಲವೋ ಎಂಬುದು ಪ್ಲಾಂಟ್‌ನಲ್ಲಿ ಕಲಸುವಾಗ ತೀರ್ಮಾನವಾಗುವುದಿಲ್ಲ, ರಾಶಿ ಹಾಕುವ ಅಂಗಳದಲ್ಲೇ ತೀರ್ಮಾನವಾಗಿರುತ್ತದೆ.

ಬೇರೆ ಬೇರೆ ರಸ್ತೆಗಳ ಮಾಲನ್ನು ಒಂದೇ ಗುಡ್ಡೆಗೆ ಸುರಿದರೆ ಅದರಿಂದ ತೆಗೆದ ಯಾವ ಮಾದರಿಯೂ ಇಡೀ ಗುಡ್ಡೆಯನ್ನು ಪ್ರತಿನಿಧಿಸುವುದಿಲ್ಲ. ಹೆದ್ದಾರಿಯಿಂದ ಕೆರೆದ ಮೇಲ್ಪದರ, ವಾರ್ಡ್ ರಸ್ತೆಯ ತೇಪೆಗಳಿಂದ ಬಂದ ಮಾಲು, ಪಾಲಿಮರ್ ಬೆರೆಸಿದ ಡಾಂಬರಿನ ಮಾಲು, ಇವುಗಳಿಗೆ ಪ್ರತ್ಯೇಕ ರಾಶಿ, ಪ್ರತ್ಯೇಕ ಫಲಕ, ಎಲ್ಲಿಂದ ಯಾವಾಗ ಬಂತೆಂಬ ದಾಖಲೆ ಇರಬೇಕು. ಕೆರೆಯುವಾಗ ಕೆಳಗಿನ ಡಾಂಬರಿಲ್ಲದ ವೆಟ್ ಮಿಕ್ಸ್ ಜಲ್ಲಿ ಅಥವಾ ಮಣ್ಣು ಸೇರದಂತೆ ಆಳವನ್ನು ಹಿಡಿತದಲ್ಲಿಡಬೇಕು; ಮೇಲ್ಪದರವನ್ನೂ ಕೆಳಗಿನ ಡಿಬಿಎಂ (ಡೆನ್ಸ್ ಬಿಟುಮಿನಸ್ ಮೆಕಾಡಂ) ಎಂಬ ಡಾಂಬರು ಪದರವನ್ನೂ ಎರಡು ಸಲಕ್ಕೆ ಬೇರೆ ಬೇರೆಯಾಗಿ ತೆಗೆದರೆ ಇನ್ನೂ ಒಳ್ಳೆಯದು. ಜೆಸಿಬಿಯಿಂದ ಕಿತ್ತ ಹಲ್ಲೆಗಳನ್ನು ಕ್ರಷರ್‌ಗೆ ಹಾಕಿ, ಕನಿಷ್ಠ ಎರಡು ಗಾತ್ರಗಳಾಗಿ ಜರಡಿ ಹಿಡಿಯಬೇಕು. ಸಣ್ಣ ಗಾತ್ರದ ಭಾಗದಲ್ಲಿ ಡಾಂಬರಿನ ಅಂಶವೂ ಧೂಳೂ ಹೆಚ್ಚಿರುವುದರಿಂದ ಈ ವಿಂಗಡಣೆ ಇಲ್ಲದೆ ಮಿಶ್ರಣದ ಹದ ಲೋಡಿನಿಂದ ಲೋಡಿಗೆ ಏರುಪೇರಾಗುತ್ತದೆ.

ನೀರು ಇನ್ನೊಂದು ಶತ್ರು. ಮಿಲ್ಲಿಂಗ್ ಯಂತ್ರದ ಹಲ್ಲುಗಳನ್ನು ತಂಪಾಗಿಸಲು ನೀರು ಚಿಮುಕಿಸುವುದರಿಂದ ಮಾಲು ಒದ್ದೆಯಾಗಿಯೇ ಬರುತ್ತದೆ. ಅದರ ಮೇಲೆ ದಕ್ಷಿಣ ಕನ್ನಡದ ಅಥವಾ ಶಿವಮೊಗ್ಗದ ಮಳೆ ಸುರಿದರೆ ಆ ತೇವವನ್ನೆಲ್ಲ ಆವಿ ಮಾಡಲು ಪ್ಲಾಂಟ್‌ನಲ್ಲಿ ಇಂಧನ ಸುಡಬೇಕಾಗುತ್ತದೆ. ಟಾರ್ಪಾಲು ಹೊದಿಸಿದರೆ ಒಳಗೆ ಬೆವರು ಕಟ್ಟುತ್ತದೆ. ಗಾಳಿಯಾಡುವ ತಗಡಿನ ಚಾವಣಿ, ಇಳಿಜಾರಿನ ಗಟ್ಟಿ ನೆಲ ಬೇಕು. ರಾಶಿಯ ಮೇಲೆ ಲಾರಿ ಹತ್ತಿಸಬಾರದು, ಏಕೆಂದರೆ ಬೇಸಿಗೆಯ ಬಿಸಿಲಿಗೆ ಮಾಲು ಮತ್ತೆ ಅಂಟಿಕೊಂಡು ಬಂಡೆಯಾಗುತ್ತದೆ. ಇದ್ಯಾವುದೂ ದುಬಾರಿ ತಂತ್ರಜ್ಞಾನವಲ್ಲ, ಶಿಸ್ತು ಅಷ್ಟೇ.

ಯಾವ ಪರೀಕ್ಷೆಗಳು ಅಗತ್ಯ? ಮಾರ್ಷಲ್ ಪರೀಕ್ಷೆಯೊಂದೇ ಸಾಲದೇ?

ಮೊದಲು ದ್ರಾವಕದಿಂದ ಡಾಂಬರನ್ನು ಜಲ್ಲಿಯಿಂದ ಬೇರ್ಪಡಿಸಿ ಅದರ ಪ್ರಮಾಣ ತಿಳಿಯಬೇಕು. ಉಳಿದ ಜಲ್ಲಿಯನ್ನು ಜರಡಿ ಹಿಡಿದು ಗಾತ್ರಗಳ ಹಂಚಿಕೆ ನೋಡಬೇಕು. ನಂತರ ದ್ರಾವಕವನ್ನು ಆವಿಯಾಗಿಸಿ ಡಾಂಬರನ್ನು ಮರಳಿ ಪಡೆದು ಅದರ ಸ್ನಿಗ್ಧತೆ, ಪೆನೆಟ್ರೇಶನ್ (ಸೂಜಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಅಳತೆ), ಮೃದುಬಿಂದು (ಮೆತ್ತಗಾಗುವ ಉಷ್ಣತೆ) ಅಳೆಯಬೇಕು. ಹೊಸ ವಿಜಿ-30 ಡಾಂಬರಿಗೆ ಕನಿಷ್ಠ 45 ಪೆನೆಟ್ರೇಶನ್ ಇರಬೇಕೆಂಬ ನಿಯಮವಿದ್ದರೆ, ಹಳೆಯ ರಸ್ತೆಯಿಂದ ತೆಗೆದದ್ದರಲ್ಲಿ ಅದು 20ರ ಆಸುಪಾಸಿಗೆ ಇಳಿದಿರುವುದು ಸಾಮಾನ್ಯ. ಬೇರ್ಪಡಿಸಲು ಬಳಸುವ ಟ್ರೈಕ್ಲೋರೋಎಥಿಲೀನ್ ಆರೋಗ್ಯಕ್ಕೆ ಹಾನಿಕರವಾದುದರಿಂದ, ಗಾಳಿ ಹೊರಹಾಕುವ ವ್ಯವಸ್ಥೆಯಿಲ್ಲದ ತಗಡಿನ ಶೆಡ್ಡಿನಲ್ಲಿ ಹುಡುಗರ ಕೈಯಿಂದ ಈ ಪರೀಕ್ಷೆ ಮಾಡಿಸಬಾರದು.

ಮಾರ್ಷಲ್ ಸ್ಥಿರತೆಯ, ಅಂದರೆ ಮಿಶ್ರಣದ ಅಚ್ಚು ಒಡೆಯುವ ಮುನ್ನ ತಾಳುವ ಗರಿಷ್ಠ ಭಾರದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹಳೆಯ ಡಾಂಬರು ಗಡಸಾಗಿರುವುದರಿಂದ ರ‍್ಯಾಪ್ ಹೆಚ್ಚಿದಷ್ಟೂ ಈ ಅಂಕಿ ಏರುತ್ತದೆ. ಕನಿಷ್ಠ 9 ಕಿಲೋನ್ಯೂಟನ್ ಬೇಕಾದ ಕಡೆ 15 ಬಂದಿತೆಂದು ಸಂತೋಷಪಡುವವರಿದ್ದಾರೆ. ಆದರೆ ಆ ಏರಿಕೆ ರಸ್ತೆ ಪೆಡಸಾಗಿದೆ ಎಂಬುದರ ಸೂಚನೆಯೂ ಆಗಿರಬಹುದು. ಬಿರುಕು ತಡೆಯುವ ಶಕ್ತಿಯನ್ನು ಆಯಾಸ ಪರೀಕ್ಷೆ ಅಥವಾ ಪರೋಕ್ಷ ಕರ್ಷಣ ಬಿರುಕು ಪರೀಕ್ಷೆಯಿಂದಲೂ, ನೀರಿನ ಹಾನಿಯನ್ನು ನೆನೆಸಿದ ಮತ್ತು ನೆನೆಸದ ಅಚ್ಚುಗಳ ಕರ್ಷಣ (ಎಳೆತ ತಾಳುವ) ಶಕ್ತಿಯ ಅನುಪಾತದಿಂದಲೂ ನೋಡಬೇಕು. ಈ ಅನುಪಾತ ಶೇ 80ಕ್ಕಿಂತ ಕಡಿಮೆಯಿರಬಾರದು. ಬಿರುಕಿನ ಪರೀಕ್ಷೆಯಿಲ್ಲದೆ ಹೆಚ್ಚಿನ ಪ್ರಮಾಣದ ರ‍್ಯಾಪ್‌ಗೆ ಒಪ್ಪಿಗೆ ಕೊಡುವುದು ಸರಿಯಲ್ಲ.

ಈಗಿರುವ ಹಾಟ್ ಮಿಕ್ಸ್ ಪ್ಲಾಂಟ್‌ಗಳಲ್ಲೇ ಇದನ್ನು ಮಾಡಬಹುದೇ?

ಕಡಿಮೆ ಪ್ರಮಾಣಕ್ಕೆ ಸಣ್ಣ ಮಾರ್ಪಾಡು ಸಾಕು. ರ‍್ಯಾಪ್ ನೇರವಾಗಿ ಬರ್ನರಿನ ಜ್ವಾಲೆಗೆ ಸಿಕ್ಕಬಾರದು. ಸಿಕ್ಕರೆ ಉಳಿದ ಡಾಂಬರೂ ಸುಟ್ಟು ನೀಲಿ ಹೊಗೆ ಏಳುತ್ತದೆ. ಆದ್ದರಿಂದ ಡ್ರಮ್ ಪ್ಲಾಂಟ್‌ನಲ್ಲಿ ಜ್ವಾಲೆಯಿಂದ ದೂರದಲ್ಲಿ, ಡ್ರಮ್ಮಿನ ನಡುವಿನ ಕಾಲರ್ ಮೂಲಕ ಅದನ್ನು ಒಳಬಿಡುತ್ತಾರೆ. ಬ್ಯಾಚ್ ಪ್ಲಾಂಟ್‌ನಲ್ಲಿ ಹೊಸ ಜಲ್ಲಿಯನ್ನು 200 ಡಿಗ್ರಿಗೂ ಮೀರಿ ಕಾಯಿಸಿ, ತಣ್ಣನೆಯ ರ‍್ಯಾಪ್‌ಗೆ ಆ ಬಿಸಿ ದಾಟುವಂತೆ ಮಾಡುತ್ತಾರೆ. ಪ್ರಮಾಣ ಹೆಚ್ಚಿದರೆ ಅಥವಾ ಮಾಲು ಒದ್ದೆಯಿದ್ದರೆ ಈ ದಾರಿ ಸಾಲದು. ರ‍್ಯಾಪ್‌ಗೆಂದೇ ಪ್ರತ್ಯೇಕ ಡ್ರಮ್ ಬೇಕಾಗುತ್ತದೆ. ಮಿಶ್ರಣದ ಬಿಸಿಯನ್ನು 20ರಿಂದ 40 ಡಿಗ್ರಿ ತಗ್ಗಿಸುವ ವಾರ್ಮ್ ಮಿಕ್ಸ್ ತಂತ್ರ ಜೊತೆಗಿದ್ದರೆ ಹೊಸ ಡಾಂಬರು ಪ್ಲಾಂಟ್‌ನಲ್ಲೇ ಮುಪ್ಪಾಗುವುದು ಕಡಿಮೆಯಾಗುತ್ತದೆ.

ಕಾಯಿಸದೆಯೇ ಮರುಬಳಕೆ ಮಾಡುವ ವಿಧಾನವಿದೆಯೇ?

ಇದೆ. ಬಿಟುಮೆನ್ ಎಮಲ್ಷನ್ (ನೀರಿನಲ್ಲಿ ಡಾಂಬರಿನ ಸೂಕ್ಷ್ಮ ಹನಿಗಳಿರುವ ದ್ರವ) ಅಥವಾ ನೊರೆ ಡಾಂಬರನ್ನು ಬಳಸಿ ರ‍್ಯಾಪ್ ಅನ್ನು ತಣ್ಣಗಿರುವಾಗಲೇ ಕಲಸಬಹುದು. ಬಿಸಿ ಡಾಂಬರಿಗೆ ಶೇ 1ರಿಂದ 3ರಷ್ಟು ತಣ್ಣೀರು ಚಿಮ್ಮಿಸಿದಾಗ ಅದು ತನ್ನ ಗಾತ್ರದ ಹತ್ತು ಪಟ್ಟಿನಷ್ಟು ಉಬ್ಬಿ, ಕೆಲವು ಕ್ಷಣಗಳ ಕಾಲ ತೆಳುವಾದ ನೊರೆಯಾಗುತ್ತದೆ. ಆ ಕ್ಷಣದಲ್ಲಿ ಸಣ್ಣ ಕಣಗಳನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ಐಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲ್ಯಾಡಿಸ್ ಸಾನಿ 1950ರ ದಶಕದಲ್ಲಿ ಹಬೆ ಬಳಸಿ ರೂಪಿಸಿದ ತಂತ್ರದ ಸುಧಾರಿತ ರೂಪವಿದು. ಸುಮಾರು ಶೇ 1ರಷ್ಟು ಸಿಮೆಂಟನ್ನೂ ಸೇರಿಸುವುದು ವಾಡಿಕೆ. ಹೀಗೆ ತಯಾರಾದ ಪದರ ಮೇಲ್ಮೈಗೆ ತಕ್ಕುದಲ್ಲ, ತಳಪದರಕ್ಕೆ ತಕ್ಕುದು. ಐಆರ್‌ಸಿ:37-2018 ಇದನ್ನು ರಸ್ತೆ ವಿನ್ಯಾಸದಲ್ಲಿ ಒಂದು ಪದರವಾಗಿ ಒಪ್ಪಿಕೊಂಡಿದೆ. ಒಳಗಿನ ತೇವ ಆರಿ ಬಲ ಬರುವವರೆಗೆ ಮೇಲಿನ ಪದರ ಹಾಕಲು ಕಾಯಬೇಕಾದುದರಿಂದ ಮಳೆಗಾಲದಲ್ಲಿ ಈ ಕೆಲಸ ಬೇಡ.

ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ರಸ್ತೆಗಳಿಗೆ ಇದು ಪರಿಹಾರವೇ?

ಮೇಲ್ಪದರದ ಮರುಬಳಕೆಯೊಂದೇ ಪರಿಹಾರವಲ್ಲ. ವಿಜಯಪುರ, ಕಲಬುರಗಿ, ಗದಗದ ಎರೆಭೂಮಿಯಲ್ಲಿ ರಸ್ತೆ ಒಡೆಯುವುದಕ್ಕೆ ಡಾಂಬರಿನ ಮುಪ್ಪಿಗಿಂತ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ನೆಲವೇ ಹೆಚ್ಚಿನ ಕಾರಣ. ಅಲ್ಲಿ ಸುಣ್ಣದಿಂದ ಮಣ್ಣನ್ನು ಹದಗೊಳಿಸಿ, ಹಳೆಯ ಡಾಂಬರು ಪದರವನ್ನೂ ಕೆಳಗಿನ ಜಲ್ಲಿಯನ್ನೂ ಒಟ್ಟಾಗಿ ಅರೆದು ಸಿಮೆಂಟಿನಂತಹ ಬಂಧಕದಿಂದ ಗಟ್ಟಿ ಮಾಡುವ ಪೂರ್ಣ ಆಳದ ಮರುಬಳಕೆಯನ್ನು ಪರಿಶೀಲಿಸುವುದು ಸೂಕ್ತ. ಉತ್ತರ ಪ್ರದೇಶದಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದ ರಸ್ತೆಗಳಲ್ಲಿ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಬಳಸಲಾಗಿದೆ.

ಪ್ಲಾಸ್ಟಿಕ್ ಬೆರೆಸಿದ ರಸ್ತೆಗಳ ಮಾಲನ್ನೂ ಮರುಬಳಸಬಹುದೇ?

ಬಳಸಬಹುದು, ಆದರೆ ಬೇರೆ ರಾಶಿಯಲ್ಲಿಟ್ಟು ಬೇರೆಯಾಗಿ ಪರೀಕ್ಷಿಸಿ. ಬೆಂಗಳೂರಿನಲ್ಲಿ 2000ದ ದಶಕದ ಆರಂಭದಿಂದಲೇ ಇಂತಹ ರಸ್ತೆಗಳು ಆಗಿರುವುದರಿಂದ ಈ ಪ್ರಶ್ನೆ ನಮಗೆ ಹತ್ತಿರದ್ದು.

ಡಾಂಬರಿನ ಬದಲು ಕಲ್ಲಿದ್ದಲ ಟಾರು ಬಳಸಿದ ಪದರ ಸಿಕ್ಕರೆ ಏನು ಮಾಡಬೇಕು?

ಅದನ್ನು ಕಾಯಿಸಬಾರದು. ಕಲ್ಲಿದ್ದಲಿನಿಂದ ಬರುವ ಟಾರಿನಲ್ಲಿ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಪೆಟ್ರೋಲಿಯಂ ಬಿಟುಮೆನ್‌ಗಿಂತ ಬಹಳ ಪಟ್ಟು ಹೆಚ್ಚಿರುತ್ತವೆ. ನೆದರ್ಲೆಂಡ್ಸ್‌ನಲ್ಲಿ ಇಂತಹ ಮಾಲನ್ನು ಮರುಬಳಕೆಯ ಚಕ್ರದಿಂದಲೇ ಹೊರತೆಗೆದು ಉಷ್ಣ ಶುದ್ಧೀಕರಣಕ್ಕೆ ಕಳಿಸುತ್ತಾರೆ. ಬಹಳ ಹಳೆಯ ಕೆಳಪದರಗಳನ್ನು ತೆಗೆಯುವಾಗ ಘಾಟು ವಾಸನೆ ಬಂದರೆ ಕೆಲಸ ನಿಲ್ಲಿಸಿ ಪರೀಕ್ಷಿಸಬೇಕು.

ಬೇರೆ ದೇಶಗಳಲ್ಲಿ ಇದು ಎಷ್ಟು ರೂಢಿಯಲ್ಲಿದೆ?

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ, ಯುರೋಪ್, ಜಪಾನ್‌ಗಳಲ್ಲಿ ಮರುಬಳಕೆ ವೇಗ ಪಡೆಯಿತು. ಜಪಾನ್ ಇಂದು ಕೆರೆದ ಮಾಲಿನ ಬಹುತೇಕ ಎಲ್ಲವನ್ನೂ ಮತ್ತೆ ಬಳಸುತ್ತದೆ, ಮತ್ತು ಒಮ್ಮೆ ಮರುಬಳಸಿದ ರಸ್ತೆಯನ್ನೇ ಮತ್ತೊಮ್ಮೆ ಮರುಬಳಸುವ ಹಂತ ತಲುಪಿದೆ. ಅಲ್ಲಿ ರಾಶಿಗಳಿಗೆ ಚಾವಣಿಯಿದೆ, ರ‍್ಯಾಪ್‌ಗೆ ಪ್ರತ್ಯೇಕ ಡ್ರಮ್ ಇದೆ.

ನಮ್ಮ ಬೀದಿಯ ರಸ್ತೆ ಪ್ರತಿ ಸಲ ಎತ್ತರವಾಗುತ್ತಿದೆ. ಮರುಬಳಕೆಗೂ ಅದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ಹಳೆಯದರ ಮೇಲೆಯೇ ಹೊಸ ಪದರ ಹಾಕುತ್ತ ಹೋದುದರಿಂದ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗಾಗಿ ಮಳೆನೀರು ಒಳಗೆ ನುಗ್ಗುತ್ತದೆ, ಚರಂಡಿಯ ಬಾಯಿ ಮುಚ್ಚುತ್ತದೆ. ಕೆರೆದು ಹಾಕಿದರೆ ಮಟ್ಟ ಹಾಗೆಯೇ ಉಳಿಯುತ್ತದೆ, ಕೆಳಗಿನ ಬಿರುಕು ಹೊಸ ಪದರಕ್ಕೆ ಹಾಯುವುದೂ ಕಡಿಮೆಯಾಗುತ್ತದೆ. ಮರುಬಳಕೆಗೆ ವ್ಯವಸ್ಥೆಯಿದ್ದಾಗ ಮಾತ್ರ ಕೆರೆಯುವುದು ಖರ್ಚಿನ ಬಾಬತ್ತಾಗದೆ ಆದಾಯದ ಬಾಬತ್ತಾಗುತ್ತದೆ.

ಸ್ಥಳೀಯ ಸಂಸ್ಥೆಯವರು ಟೆಂಡರಿನಲ್ಲಿ ಏನನ್ನು ಸೇರಿಸಬೇಕು?

ಮೊದಲನೆಯದಾಗಿ, ಕೆರೆದ ಮಾಲು ಯಾರ ಸ್ವತ್ತು ಎಂಬುದು ಬರಹದಲ್ಲಿರಬೇಕು. ಅದು ಬರೆದಿಲ್ಲದ ಕಡೆ ಮಾಲು ಖಾಲಿ ನಿವೇಶನಗಳಿಗೋ ಕೆರೆಯಂಚಿಗೋ ಭರ್ತಿಯಾಗಿ ಹೋಗುತ್ತದೆ. ಪ್ರತಿ ಲೋಡಿನ ತೂಕದ ಚೀಟಿ, ಸಂಗ್ರಹದ ಅಂಗಳದ ವಿಳಾಸ, ರ‍್ಯಾಪ್‌ನ ಡಾಂಬರು ಅಂಶ ಮತ್ತು ತೇವದ ನಿಯಮಿತ ವರದಿ, ಮಿಶ್ರಣ ವಿನ್ಯಾಸದಲ್ಲಿ ಬಿರುಕಿನ ಪರೀಕ್ಷೆ, ಹೊಸ ಡಾಂಬರಿನ ದರ್ಜೆಗೆ ಕಾರಣ, ಇವೆಲ್ಲವೂ ಷರತ್ತುಗಳಾಗಿರಬೇಕು. ಹೊಸಬರು ಶೇ 15ರಿಂದ, ಅದೂ ಮೇಲ್ಪದರದ ಬದಲು ಡಿಬಿಎಂ ಪದರದಿಂದ ಆರಂಭಿಸಿ, ಎರಡು ಮಳೆಗಾಲದ ಫಲಿತಾಂಶ ನೋಡಿಕೊಂಡು ಪ್ರಮಾಣ ಏರಿಸುವುದು ಕ್ಷೇಮ. ಮೂರನೆಯವರ ಪ್ರಯೋಗಾಲಯದ ಪರೀಕ್ಷೆಗೆ ಹಣವನ್ನು ಅಂದಾಜುಪಟ್ಟಿಯಲ್ಲೇ ಪ್ರತ್ಯೇಕವಾಗಿ ತೆಗೆದಿಡಬೇಕು. ಗುತ್ತಿಗೆದಾರರ ದರದೊಳಗೆ ಅದನ್ನು ಸೇರಿಸಿದರೆ ಮೊದಲು ಕಡಿತವಾಗುವುದು ಅದೇ.